ಎರಡನೇ ಸಲದ ಹೋಟೆಲು

ಆ ಹೋಟೆಲಿನ ಬಾಗಿಲು ನೋಡಿದ ಕೂಡಲೇ ಚೌಡೇಶ್ವರಿಗೆ ಸುಸ್ತಾಯಿತು. ಬಾಗಿಲಿಗೆ ಕಪ್ಪು ಗಾಜು, ಒಳಗೆ ಮಬ್ಬು ಬೆಳಕು, ಹೊರಗೆ ಪೇಟ ಸುತ್ತಿಕೊಂಡು ಸಲಾಮು ಹೊಡೆಯುವವನೊಬ್ಬ.

"ಓದ್ ತಿಂಗ್ಳು ತಾನೆ ಸುರುವಾಗಿರದು ಕಣ್ರಿ. ನಾರ್ತ್ ಇಂಡಿಯನ್ನು, ಚೈನೀಸು ಎಲ್ಡೂ ಸಿಕ್ತದೆ," ಎಂದ ಮಾದಸ್ವಾಮಿ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಚೈನೀಸು ಅಂದ್ರೆ ಆ ಶಾವಿಗೆ ಥರದ್ದಲ್ವಾ? ತಿಂದಾಯ್ತಲ್ಲ."

"ಅದು ಜಯನಗರದ್ದು. ಇದು ಬ್ಯಾರೆ."

ಬೇರೆ ಅಂತೆ! ಮೂರು ವರ್ಷದಿಂದ ಬೇರೆ ಬೇರೆ ತಿಂದೂ ತಿಂದೂ ಅವಳ ನಾಲಿಗೆಗೆ ತನ್ನ ಮನೆಯ ಸಾರಿನ ರುಚಿಯೇ ಮರೆತುಹೋಗುವ ಹಾಗಾಗಿತ್ತು.

ಕೊಳ್ಳೇಗಾಲದ ನೇಕಾರರ ಬೀದಿಯವಳು ಚೌಡೇಶ್ವರಿ. ವಯಸ್ಸು ಮೂವತ್ತಮೂರು. ಗಂಡುಗಳು ಬಂದು ನೋಡುವುದು ನಿಂತು ಆಗಲೇ ಬಹಳ ಕಾಲವಾಗಿತ್ತು. ಅಪ್ಪನ ಕೈ ನಡುಗತೊಡಗಿದ ಮೇಲೆ ಮಗ್ಗಕ್ಕೆ ಕೂತವಳೂ ಅವಳೇ, ತಿಂಗಳ ಮೊದಲ ಸೋಮವಾರ ರೇಷ್ಮೆ ಸೀರೆಗಳ ಗಂಟು ಹೊತ್ತು ಬೆಂಗಳೂರಿನ ಚಿಕ್ಕಪೇಟೆಗೆ ಬರುವವಳೂ ಅವಳೇ. ಮಾದಸ್ವಾಮಿ ಧನಗೆರೆಯವನು. ಕೊಳ್ಳೇಗಾಲದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ತಾಮ್ರದ ತಂತಿ ತರಲು ಅದೇ ಬಸ್ಸಿಗೆ ಬರುತ್ತಿದ್ದ.

ಮೊದಲ ಸಲ ಬಸ್ಸು ದಾರಿಯಲ್ಲಿ ಕೆಟ್ಟು, ಊಟದ ಹೊತ್ತು ಮೀರಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಟೇಬಲ್ಲು ಸಿಕ್ಕಿತ್ತು. ಚೌಡೇಶ್ವರಿ ಹೋಟೆಲಿನಲ್ಲಿ ಉಂಡದ್ದು ಅದೇ ಮೊದಲು. ತಿಂದು ಮುಗಿದ ಮೇಲೆ ತಟ್ಟೆ ಎತ್ತಿಕೊಂಡು, "ತೊಳೆಯೋದು ಎಲ್ಲಿ?" ಎಂದು ಅಡುಗೆಮನೆಯ ಕಡೆ ಹೊರಟೇಬಿಟ್ಟಿದ್ದಳು. ಇಡೀ ಹೋಟೆಲು ನಕ್ಕಿತು. ಎದುರಿಗೆ ಕೂತಿದ್ದ ಗಂಡಸು ಮಾತ್ರ ನಗಲಿಲ್ಲ. ತನ್ನ ತಟ್ಟೆಯನ್ನೂ ಎತ್ತಿಕೊಂಡು ಗಂಭೀರವಾಗಿ ಅವಳ ಹಿಂದೆಯೇ ಬಂದ. ಆ ನಡಿಗೆಗೇ ಅವಳು ಸೋತದ್ದು.

ಅವತ್ತಿನಿಂದ ಪ್ರತಿ ತಿಂಗಳೂ ಒಂದು ಹೋಟೆಲು. ಒಮ್ಮೆ ಹೋದಲ್ಲಿಗೆ ಇನ್ನೊಮ್ಮೆ ಹೋದದ್ದಿಲ್ಲ. ನಿಂತು ತಿನ್ನುವ ದರ್ಶಿನಿ, ಆಂಧ್ರದ ಊಟ, ಗುಜರಾತಿ ಥಾಲಿ, ಗೋಬಿ ಮಂಚೂರಿ. ಅವನ ಜೇಬಿನ ಪುಟ್ಟ ಡೈರಿಯ ತುಂಬ ಹೋಟೆಲುಗಳ ಹೆಸರು.

ಮೊದಮೊದಲು ಅವಳಿಗೂ ಖುಷಿಯೇ. ಆಮೇಲೆ ಒಂದು ಅನುಮಾನ ಹೊಕ್ಕಿತು. ಎರಡನೇ ಸಲ ಹೋದರೆ ಸಪ್ಲೈಯರ್ ಗುರುತು ಹಿಡಿಯುತ್ತಾನೆ, 'ನಿಮ್ಮ ಮನೆಯವರಾ?' ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಹೆದರಿಯೇ ಇವನು ಹೋಟೆಲು ಬದಲಾಯಿಸುತ್ತಿದ್ದಾನೆ. ಜೊತೆಗೆ ಉಣ್ಣಬೇಕು, ಯಾರ ನೆನಪಿನಲ್ಲೂ ಉಳಿಯಬಾರದು. ಅಣ್ಣ ಎಂದು ಕರೆದುಬಿಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಆದರೆ ಮೂರು ವರ್ಷದಲ್ಲಿ ಅವಳ ಬಾಯಿಗೆ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಕರೆಯಲೇಬೇಕಾದಾಗ 'ಇವ್ರೇ' ಅನ್ನುತ್ತಿದ್ದಳು.

ಇವತ್ತು ಬೆಳಿಗ್ಗೆ ಚಿಕ್ಕಪೇಟೆಯ ಸಾಹುಕಾರರು, "ಮುಂದಿನ ತಿಂಗಳಿಂದ ನಮ್ಮ ವ್ಯಾನೇ ಕೊಳ್ಳೇಗಾಲಕ್ಕೆ ಬರುತ್ತಮ್ಮ, ನೀವು ಸುಮ್ಮನೆ ಯಾಕೆ ಸುಸ್ತಾಗ್ತೀರಿ," ಎಂದಿದ್ದರು. ಒಳ್ಳೆಯ ಸುದ್ದಿಯೇ. ಆದರೆ ಇನ್ನು ಬೆಂಗಳೂರಿಗೆ ಬರುವ ನೆಪವೇ ಇರುವುದಿಲ್ಲ. ಇವತ್ತು ಇವನು ಬಾಯಿ ಬಿಡದಿದ್ದರೆ ಮುಗಿಯಿತು. ಆಮೇಲೆ ಕೊಳ್ಳೇಗಾಲದ ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುವುದಷ್ಟೇ.

"ಬನ್ನಿ ಒಳಕ್ಕೆ, ಫ್ಯಾನ್ ಅದೆ," ಎಂದ ಮಾದಸ್ವಾಮಿ.

ಚೌಡೇಶ್ವರಿ ಅಲ್ಲೇ ಪಕ್ಕದ ಅಂಗಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು.

"ನಂಗೆ ಬ್ಯಾಡ. ಸಾಕಾಗೋಗದೆ ಇವ್ರೇ."

"ಕಾಲ್ ನೋವಾ?"

"ಕಾಲಲ್ಲ. ಪ್ರತಿ ಸಲ ಹೊಸಾ ಬಾಗಿಲು, ಹೊಸಾ ಮೆನು, ಯಾರೂ ಗುರುತಿಲ್ದೆ ಇರೋ ಜನ. ಹಳೇ ಹಾಸಿನ ಎಳೆ ಮುಗೀತು ಅಂತ ಮಗ್ಗದಿಂದ ಕಿತ್ತಾಕ್ತೀವಾ ನಾವು? ಹಳೇ ಎಳೆ ತುದೀಗೇ ಹೊಸಾ ಎಳೆ ಗಂಟಾಕ್ತೀವಿ, ಒಂದೊಂದೇ, ಸಾವಿರಾರು. ನಿಮ್ ಜೊತೆ ಮೂರು ವರ್ಷ ಆದ್ರೂ ಒಂದು ಎಳೇನೂ ಗಂಟು ಬಿದ್ದಿಲ್ಲ. ಪ್ರತಿ ತಿಂಗಳೂ ಮೊದಲ್ನೇ ಸಲಾನೇ." ಅವಳು ಮುಖ ತಿರುಗಿಸಿಕೊಂಡಳು. "ನನ್ ಜೊತೆ ಕಂಡ್ರೆ ನಾಚಿಕೆ ಅಂತ ಮೊದ್ಲೇ ಯೋಳ್ಬೋದಿತ್ತು. ಇರ್ಲಿ ಬುಡಿ. ಮುಂದಿನ ತಿಂಗ್ಳಿಂದ ನಾನು ಬರೋ ಹಂಗಿಲ್ಲ. ಸೀರೆ ತಕ್ಕೊಂಡೋಗಕ್ಕೆ ವ್ಯಾನ್ ಬತ್ತದೆ."

ಪೇಟದವನು ಇವರಿಬ್ಬರನ್ನೇ ನೋಡುತ್ತಿದ್ದ. ಮಾದಸ್ವಾಮಿಯೂ ಬಂದು ಒಂದು ಮೊಳ ದೂರದಲ್ಲಿ ಮೆಟ್ಟಿಲಿನ ಮೇಲೆ ಕೂತ.

"ನಾಚ್ಕೆನಾ?" ಎಂದ. "ಎಲ್ಡನೇ ತಿಂಗ್ಳು ನೀವು ಬಸ್ಸಲ್ಲಿ ಏನಂದ್ರಿ? ಬುತ್ತಿ ಕಟ್ಕಂಡ್ ಬಂದಿವ್ನಿ, ಬಸ್ ಸ್ಟ್ಯಾಂಡಲ್ಲೇ ಉಂಡು ಒಂಟೋಯ್ತೀನಿ ಅಂದ್ರಿ. ಒಸ ಓಟ್ಲು ಒಂದದೆ, ನೋಡ್ಕಂಡ್ ಬರನ ಅಂದೆ. ಬಂದ್ರಿ. ಒಸದು ಅಂತ ಏನೂ ಇಲ್ದಿದ್ರೆ ನೀವು ನನ್ ಜೊತೆ ಯಾಕ್ ಬತ್ತೀರಿ ಅಂತ..."

ಅವನು ಡೈರಿ ತೆಗೆದು ಅವಳ ಮಡಿಲಿಗೆ ಹಾಕಿದ.

"ತಂತಿ ಅಂಗ್ಡಿ ಕೆಲ್ಸ ಒಂದ್ ಗಂಟೇದು. ಮಿಕ್ಕಿದ್ದೊತ್ತೆಲ್ಲ ಓಟ್ಲು ಉಡುಕ್ತೀನಿ. ಬಿಸಿಲಲ್ಲಿ ತಿರುಗಿ ತಿರುಗಿ ನಂಗೂ ಸಾಕಾಗೋಗದೆ ಕಣ್ರಿ. ಆ ಶಾವ್ಗೆ ನಂಗೇನ್ ರುಚಿ ಅನ್ಕಂಡ್ರಾ? ಗಂಟ್ಲಲ್ಲಿ ಇಳೀನಿಲ್ಲ."

ಚೌಡೇಶ್ವರಿ ಡೈರಿ ಬಿಡಿಸಿದಳು. ಹೆಸರುಗಳ ಮುಂದೆ ಅವನ ಸೊಟ್ಟ ಅಕ್ಷರಗಳು: 'ಅರ್ಧ ಬಿಟ್ಟರು.' 'ಖಾರ ಆಯಿತು, ಕಣ್ಣಲ್ಲಿ ನೀರು.' 'ಎರಡು ಸಲ ನಕ್ಕರು.' ಊಟ ಹೇಗಿತ್ತು ಎಂದು ಎಲ್ಲೂ ಬರೆದಿರಲಿಲ್ಲ. ಮೊದಲ ಪುಟದ ಮೊದಲ ಸಾಲು: 'ಮಾರ್ಕೆಟ್ ಹಿಂದಿನ ಗಲ್ಲಿ. ತಟ್ಟೆ.'

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇಬ್ಬರೂ ದಣಿದು ಸಾಯುವಷ್ಟು ನಡೆದಿದ್ದರು, ಒಬ್ಬರಿಗಾಗಿ ಇನ್ನೊಬ್ಬರು.

"ಏಳಿ," ಎಂದಳು. "ಈ ಮೊದಲ್ನೇದಕ್ಕೆ ಹೋಗನ."

ಗಲ್ಲಿಯ ಹೋಟೆಲು ಹಾಗೇ ಇತ್ತು. ಮೂಲೆ ಒಡೆದ ಅದೇ ಕಲ್ಲಿನ ಟೇಬಲ್ಲು. ಇಬ್ಬರೂ ಸೆಟ್ ದೋಸೆ ತಿಂದರು. ಅವನು ಚಟ್ನಿಯ ಬಟ್ಟಲನ್ನು ಅವಳ ಕಡೆ ಸರಿಸಿದ. ಅವಳು ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ನಮ್ಮವ್ವನ್ನ ಕರ್ಕಂಡು ನಿಮ್ಮನೇಗ್ ಬರ್ಲಾ?"

"ನಿಮ್ಮ ಜಾತಿ ಬೇರೆ, ನಮ್ಮದು ಬೇರೆ. ಬೀದಿ ತುಂಬ ಮಾತಾಡ್ತಾರೆ."

"ಆಡ್ಕಳ್ಲಿ. ಬರ್ಲಾ, ಬ್ಯಾಡ್ವಾ, ಅದ್ ಯೋಳಿ."

ಅವಳು ಉತ್ತರ ಕೊಡುವಷ್ಟರಲ್ಲಿ ನರೆತ ಮೀಸೆಯ ಸಪ್ಲೈಯರ್ ಬಂದ. ಖಾಲಿ ತಟ್ಟೆಗೆ ಕೈ ಹಾಕಿದವನು ಅವಳ ಮುಖ ನೋಡಿದ, ಮಾದಸ್ವಾಮಿಯ ಮುಖ ನೋಡಿದ, ತಟ್ಟನೆ ನಕ್ಕ.

"ಅಮ್ಮಾ, ಇವತ್ತು ತಟ್ಟೆ ಇಲ್ಲೇ ಬಿಡಿ, ನಾವೇ ತೊಳೀತೀವಿ. ಇಷ್ಟು ವರ್ಷ ಎಲ್ಲಿಗೆ ಹೋಗಿದ್ರಿ ಇಬ್ರೂ?"

ಚೌಡೇಶ್ವರಿಯ ಕಣ್ಣು ತುಂಬಿತು. ಇಷ್ಟು ದೊಡ್ಡ ಊರಿನಲ್ಲಿ ಅವರಿಬ್ಬರನ್ನು ಒಟ್ಟಿಗೆ ನೆನಪಿಟ್ಟುಕೊಂಡವನು ಒಬ್ಬನಿದ್ದ.

"ಊರೆಲ್ಲ ಸುತ್ತಿ ಬಂದ್ವಿ," ಎಂದಳು. "ಮುಂದಿನ ತಿಂಗಳೂ ಬರ್ತೀವಿ. ಇದೇ ಟೇಬಲ್ಲು ಇಟ್ಟಿರಿ."

ಸಪ್ಲೈಯರ್ ತಟ್ಟೆ ಎತ್ತಿಕೊಂಡು ಹೋದ. ಮಾದಸ್ವಾಮಿ ಟೇಬಲ್ಲಿನ ಮೇಲೆ ಬಾಗಿದ.

"ವ್ಯಾನ್ ಬತ್ತದೆ ಅಂದ್ರಲ್ಲ. ಸೀರೆ ಇಲ್ದೆ ಎಂಗ್ ಬತ್ತೀರಿ?"

"ಸೀರೆ ವ್ಯಾನಲ್ಲಿ ಬತ್ತದೆ," ಎಂದಳು ಚೌಡೇಶ್ವರಿ. "ನಾನು ನಿಮ್ ಜೊತೆ ಬಸ್ಸಲ್ಲಿ ಬತ್ತೀನಿ. ಅಷ್ಟರೊಳಗೆ ನಿಮ್ಮವ್ವನ್ನ ಕರ್ಕೊಂಡು ಬನ್ನಿ."