ದೊಡ್ಡ ವಾಡೆಯ ಅರ್ಧ ಪಾಲು

ಮಜ್ಜಿಗೆ ಕಡೆಯುತ್ತ ಕುಳಿತಿದ್ದ ಶಂಕ್ರೆವ್ವನ ಗಡಿಗೆಯೊಳಗೆ ಮೇಲಿನಿಂದ ಹಿಡಿ ಮಣ್ಣು ಬಿತ್ತು. ಬೆಣ್ಣೆ ಆಗಷ್ಟೇ ತೇಲಿ ಬಂದಿತ್ತು. ಇಲಿ ಓಡಿರಬೇಕೆಂದು ಅವಳು ತಲೆಯೆತ್ತಿ ನೋಡುವಷ್ಟರಲ್ಲಿ ಇನ್ನೊಂದು ಹೆಂಟೆ ಬಿತ್ತು. ಆಮೇಲೆ ಹಾರೆಯ ಸದ್ದು ಕೇಳಿಸಿತು… ಧಪ್, ಧಪ್ ಎಂದು, ತನ್ನ ಎದೆಯ ಮೇಲೆಯೇ ಯಾರೋ ಹೊಡೆಯುತ್ತಿರುವಂತೆ.

ಕೈಗೆ ಮೆತ್ತಿದ ಬೆಣ್ಣೆಯನ್ನೂ ಒರೆಸಿಕೊಳ್ಳದೆ ಅವಳು ಅಂಗಳಕ್ಕೆ ಓಡಿ ಬಂದಳು. ಮಾಳಿಗೆಯ ಮೇಲೆ ಗುರುತಿಲ್ಲದ ಆಳುಗಳು ಛಾವಣಿಯ ಮಣ್ಣು ಅಗೆಯುತ್ತಿದ್ದರು. ಕೆಳಗೆ ಅವಳ ಭಾವ ಶಿವಯೋಗೆಪ್ಪ, ಮಡಿಚಿದ ಛತ್ರಿಯನ್ನು ಎತ್ತಿ ತೋರಿಸುತ್ತ, ಎಲ್ಲಿಂದ ಎಲ್ಲಿಯವರೆಗೆ ಕೀಳಬೇಕೆಂದು ಹೇಳುತ್ತಿದ್ದ. ವಿಜಾಪುರದಲ್ಲಿ ಹತ್ತಿಯ ವ್ಯಾಪಾರ ಹಿಡಿದ ಮೇಲೆ ಅವನು ಹುಟ್ಟೂರು ಟಿಕೋಟೆಗೆ ಬರುತ್ತಿದ್ದುದೇ ಅಪರೂಪ. ಪಡಸಾಲೆಯ ಕಟ್ಟೆಯ ಮೇಲೆ ಅತ್ತೆ ಮುರಿಗೆವ್ವ ಅಡಿಕೆ ಕತ್ತರಿಸುತ್ತ ಕುಳಿತಿದ್ದಳು. ಅವಳ ಮುಖದಲ್ಲಿ ಅಚ್ಚರಿಯ ಗೆರೆಯೂ ಇರಲಿಲ್ಲ. ಅದನ್ನು ಕಂಡ ಕೂಡಲೇ ಶಂಕ್ರೆವ್ವನಿಗೆ ತಿಳಿಯಿತು: ಇದು ತನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಬಬಲೇಶ್ವರದಿಂದ ಸೊಸೆಯಾಗಿ ಬಂದಾಗಿನಿಂದ ಅವಳು ಭಾವನ ಎದುರು ನಿಂತು ಮಾತಾಡಿದವಳಲ್ಲ. ಗಂಡ ಮಲಕಾಜಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲಂತೂ ಸೆರಗು ಕಣ್ಣಿನವರೆಗೆ ಇಳಿದಿತ್ತು. ಈಗಲೂ ಅತ್ತೆಯ ಕಡೆಗೆ ತಿರುಗಿಯೇ ಕೇಳಿದಳು.

"ಅತ್ತೀ, ಮಾಳಗಿ ಯಾಕ ಕೀಳಾಕತ್ತಾರ?"

"ಮಾಳಗಿ ಒಂದ ಅಲ್ಲ, ಪೂರಾ ಮನೀನ ಬಿಚ್ಚತಾರ. ಶಿವಯೋಗಿ ವಿಜಾಪುರದಾಗ ಟೇಶನ್ ರೋಡಿಗೆ ಬಂಗಲೆ ಕಟ್ಟಸಾಕತ್ತಾನ. ಲಡಾಯಿಗಂತ ಸರಕಾರ ಒಯ್ಯಾಕತ್ತೈತಿ, ಎಲ್ಲೂ ಸಾಗವಾನಿ ಸಿಗವಲ್ದು. ಇಲ್ಲಿ ಕಂಬ, ತೊಲಿ ಸುಮ್ನ ನಿಂತಾವು."

"ಸುಮ್ನ ನಿಂತಿಲ್ರಿ. ಅವುಗಳ ಕೆಳಗ ನಾವು ಬಾಳೇವು ಮಾಡಾಕತ್ತೇವಿ."

ಅಡಕತ್ತರಿ ನಿಂತಿತು. "ನನ್ನ ಮಗನ್ನ ನುಂಗಿದಾಕಿ, ಈಗ ಮನಿ ಮ್ಯಾಲ ಹಕ್ಕ ಹೇಳಾಕ ನಿಂತಿಯೇನ ಬೇ? ಬಾಯಿ ಮುಚ್ಚಿ ಒಳಗ ಹೋಗು."

ಶಿವಯೋಗೆಪ್ಪ ತಮ್ಮನ ಹೆಂಡತಿಯ ಕಡೆ ನೋಡಲೂ ಇಲ್ಲ. ತಾಯಿಗೆ ಹೇಳಿದಂತೆ ಹೇಳಿದ. "ಅಕೀಗೆ ಹಿತ್ತಲದಾಗ ತಗಡ ಹಾಕಿ ಖೋಲಿ ಮಾಡಿಸಿ ಕೊಡತೇನಿ. ಗೌರಾನ ಲಗ್ನ ಯಾರ ಮಾಡಾಕತ್ತಾರ ಅನ್ನೂದ ನೆನಪಿರ್ಲಿ ಅಂತ ಹೇಳವ್ವಾ. ಬೀಗರು ನನ್ನ ಮಾರಿ ನೋಡಿ ಹೂಂ ಅಂದಾರ, ಅಕಿ ಮಾರಿ ನೋಡಿ ಅಲ್ಲ."

ಗೌರಾ ಶಂಕ್ರೆವ್ವನ ಒಬ್ಬಳೇ ಮಗಳು. ಶಿವಯೋಗೆಪ್ಪನ ವ್ಯಾಪಾರದ ಜೊತೆಗಾರನ ಮಗನೊಂದಿಗೆ ಅವಳ ನಿಶ್ಚಯವಾಗಿತ್ತು. ಹುಡುಗ ಕಾಲೇಜು ಓದಿದವನು, ನೋಡಲು ಬಂದಾಗ ಗೌರಾಳನ್ನು ಮೆತ್ತಗೆ ಮಾತಾಡಿಸಿ ಹೋಗಿದ್ದ. ಅಂದಿನಿಂದ ಹುಡುಗಿ ನೀರು ಸೇದುವಾಗಲೂ ಹಾಡಿಕೊಳ್ಳುತ್ತಿದ್ದಳು. ಶಂಕ್ರೆವ್ವ ಒಳಗೆ ಹೋದಳು. ಮಣ್ಣು ಬಿದ್ದ ಮಜ್ಜಿಗೆಯನ್ನು ಹಿತ್ತಲಿಗೆ ಒಯ್ದು ಚೆಲ್ಲಿದಳು. ಇಷ್ಟು ವರ್ಷ ನುಂಗಿಟ್ಟ ಸಿಟ್ಟಿನಿಂದ ಖಾಲಿ ಗಡಿಗೆಯನ್ನು ನೆಲಕ್ಕೆ ಕುಕ್ಕಿದಳು.

ಊರವರು ಆ ಮನೆಯನ್ನು ದೊಡ್ಡ ವಾಡೆ ಎನ್ನುತ್ತಿದ್ದರು. ಶಿವಯೋಗೆಪ್ಪನ ಮುತ್ತಜ್ಜನ ಕಾಲದಲ್ಲಿ ದರೋಡೆಕೋರರು ಊರಿಗೆ ಬೆಂಕಿಯಿಟ್ಟು ಹೋದರಂತೆ. ಅದಾದ ಮೇಲೆ ಮುತ್ತಜ್ಜ ಕೂಲಿಗೆ ಕಣಜದ ಕಾಳು ಕೊಟ್ಟ, ಊರು ಕಲ್ಲು ಹೊತ್ತಿತು. ಎತ್ತರದ ಗೋಡೆ, ಆನೆ ನುಗ್ಗಿದರೂ ಮುರಿಯದ ಬಾಗಿಲು, ಊರಿನ ದನಕರುವೆಲ್ಲ ಹಿಡಿಯುವ ಅಂಗಳ ಎದ್ದು ನಿಂತವು. ಮತ್ತೊಮ್ಮೆ ದಾಳಿಯಾದಾಗ ಊರಿನ ಹೆಂಗಸರು ಮಕ್ಕಳು ಎಲ್ಲ ಜಾತಿಯವರೂ ಆ ಬಾಗಿಲ ಹಿಂದೆ ಕುಳಿತು ಬದುಕಿಕೊಂಡರು. ಅಂದಿನಿಂದ ಮನೆ ಚಿಕ್ಕದಿದ್ದವರ ಮದುವೆಗಳು ಆ ಅಂಗಳದಲ್ಲೇ ಆಗುತ್ತಿದ್ದವು. ಊರಿನ ಜಗಳಗಳು ಆ ಕಟ್ಟೆಯ ಮೇಲೆ ಮುಗಿಯುತ್ತಿದ್ದವು. ಶಿವಯೋಗೆಪ್ಪನಿಗೆ ಮಾತ್ರ ಅಲ್ಲಿ ಸಾಗವಾನಿ ಕಂಡಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಜನ ಬಂದು ಕಟ್ಟೆಯ ಮುಂದೆ ನಿಂತರು. ಮುಂದೆ ಬುಡ್ಡೇಸಾಬ ಇದ್ದ, ಮನೆ ಕಟ್ಟುವ ಟಿಕೋಟೆಯ ಗವಂಡಿ. ಮನೆ ಬಿಚ್ಚಲು ಶಿವಯೋಗೆಪ್ಪ ಮೊದಲು ಅವನನ್ನೇ ಕರೆಸಿದ್ದ. ಅವನು ಒಲ್ಲೆನೆಂದ ಮೇಲೆ ವಿಜಾಪುರದಿಂದ ಆಳು ತರಿಸಿದ್ದು. ಪಕ್ಕದಲ್ಲಿ ಕುರುಬರ ಓಣಿಯ ರಾಚವ್ವ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದಳು.

"ಸಾವಕಾರ್ರ, ಕೆಲಸ ನಿಲ್ಲಸ್ರಿ," ಎಂದ ಬುಡ್ಡೇಸಾಬ.

"ಯಾಕ ನಿಲ್ಲಸ್ಲಿ? ಮನಿ ಯಾರದು?"

"ನಿಮ್ಮದ. ಕಾಳ ಹಾಕಿದವರು ನಿಮ್ಮ ಮುತ್ಯಾ, ಕಲ್ಲ ಹೊತ್ತವರು ನಮ್ಮ ಮುತ್ಯಾಗೋಳು. ಇಂಥಾದ್ದು ಬಿಚ್ಚೂ ಮುಂದ ಒಂದ ಮಾತ ಕೇಳಬೇಕಾಗಿತ್ತಲ್ರಿ."

"ನಮ್ಮ ಆಯಿ, ನಮ್ಮ ಅವ್ವನ ಅವ್ವ, ಈ ಬಾಗಲ ಹಿಂದ ಕುಂತ ಉಳದಾಳ್ರಿ," ಎಂದಳು ರಾಚವ್ವ. "ಅಕಿ ಉಳದಿದ್ದಕ್ಕ ನಾ ಹುಟ್ಟೇನಿ. ಇದರ ಕಂಬ ಕಿತ್ತ ಒಯ್ದು ನಿಮ್ಮ ಬಂಗಲೆಕ್ಕ ನಿಲ್ಲಿಸಿದ್ರ ನಿಮಗ ನಿದ್ದಿ ಬರತೈತೇನ್ರಿ?"

ಶಿವಯೋಗೆಪ್ಪ ನಕ್ಕ. "ಕುರಿ ಕಾಯೋ ಹೆಂಗಸು ನನಗ ನಿದ್ದಿ ಹೇಳಿಕೊಡಾಕ ಬಂದಾಳ. ನಾಳಿ ಮುಂಜಾನೆ ಬಂಡಿ ಬರತಾವು. ಅಡ್ಡ ಬಂದವರನ್ನ ಫೌಜದಾರ್ರು ನೋಡ್ಕೋತಾರ."

ಜನ ಚದುರಲಿಲ್ಲ. ಶಿವಯೋಗೆಪ್ಪ ಒಳಗೆ ಹೋದ ಮೇಲೆ ಬುಡ್ಡೇಸಾಬ ಬಾಗಿಲ ಮರೆಯಲ್ಲಿ ನಿಂತಿದ್ದ ಶಂಕ್ರೆವ್ವನ ಹತ್ತಿರ ಬಂದ.

"ತಂಗೀ, ನಾ ವಿಜಾಪುರದಾಗ ವಕೀಲರನ್ನ ಕೇಳಿ ಬಂದೇನಿ. ಹೊಸಾ ಕಾಯ್ದೆ ಬಂದೈತಂತ. ಗಂಡ ಸತ್ರ ಅವನ ಪಾಲ ಹೇಣ್ತಿಗಿ ಬರತೈತಿ. ಅರ್ಧಾ ಮನಿ ನಿಂದು. ನಾವು ಎಷ್ಟ ಒದರಿದ್ರೂ ಹೊರಗಿನವರು. ನೀ ಒಂದ ಮಾತ ಅಂದ್ರ ಇದು ನಿಲ್ಲತೈತಿ."

ಶಂಕ್ರೆವ್ವ ಸೆರಗು ಎಳೆದುಕೊಂಡು ತಿರುಗಿದಳು. ಒಳಗೆ ಬಂದರೆ ಗೌರಾ ಒಲೆಯ ಮುಂದೆ ಕಾಯುತ್ತಿದ್ದಳು. ಹೊರಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಅವ್ವಾ, ನೀ ಒಂದ ಮಾತೂ ಆಡಬ್ಯಾಡ."

"ನಿನ್ನ ಅಪ್ಪ ಹುಟ್ಟಿದ ಮನಿ ಗೌರಾ."

"ಅಪ್ಪ ಹುಟ್ಟಿದ್ದೂ ಇಲ್ಲೇ, ಔಷಧ ಇಲ್ಲದ ಸತ್ತಿದ್ದೂ ಇಲ್ಲೇ. ಈ ಕಲ್ಲ ನನಗೇನ ಕೊಟ್ಟಾವು? ಒಂದ ಚೊಲೋ ಮನಿ ಸಿಕ್ಕೈತಿ. ಅದನ್ನೂ ಕೆಡಸ್ತೀಯೇನು?" ಹುಡುಗಿಯ ಕಣ್ಣು ತುಂಬಿತ್ತು, ಆದರೆ ದನಿ ಬಿರುಸಾಗಿತ್ತು. "ಕೆಡಿಸಿದ್ರ ನಾ ನಿನ್ನ ಎಂದೂ ಕ್ಷಮಾ ಮಾಡೂದಿಲ್ಲ."

ಮಗಳ ತಲೆ ಸವರಲು ಕೈಯೆತ್ತಿದ ಶಂಕ್ರೆವ್ವ ಅರ್ಧದಲ್ಲೇ ಇಳಿಸಿದಳು. "ಇಲ್ಲ… ಏನೂ ಅನ್ನೂದಿಲ್ಲ ಬಿಡು," ಎಂದಳು. ಆ ಹೊತ್ತಿನಲ್ಲಿ ಅದು ಅವಳ ಮನಸ್ಸಿನಿಂದಲೇ ಬಂದ ಮಾತು. ಮನೆ ಹೋದರೆ ಹೋಗಲಿ, ಮಗಳು ಸುಖವಾಗಿರಲಿ ಎಂದು ಅವಳು ನಿರ್ಧಾರ ಮಾಡಿಕೊಂಡಿದ್ದಳು.

ಮುಂಜಾನೆ ಇಟ್ಟಂಗಿಹಾಳದ ಕಡೆಯಿಂದ ಖಾಲಿ ಬಂಡಿಗಳ ಸಾಲು ಬಂತು. ವಾಡೆಯ ಓಣಿಗೆ ತಿರುಗುವ ಹೊತ್ತಿಗೆ ಎತ್ತುಗಳು ನಿಂತುಬಿಟ್ಟವು. ಓಣಿಯ ತುಂಬ ಕುರಿ. ರಾಚವ್ವ ಮತ್ತು ಅವಳ ಓಣಿಯವರು ಊರಿನ ಹಿಂಡುಗಳನ್ನೆಲ್ಲ ಹೊಡೆದುಕೊಂಡು ಬಂದು ಓಣಿಗೂ ಅಂಗಳಕ್ಕೂ ತುಂಬಿದ್ದರು. ದೊಡ್ಡ ಬಾಗಿಲಲ್ಲಿ ಗಂಡಸರು ಕುಳಿತಿದ್ದರು. ಮಾಳಿಗೆಯ ಮೇಲೆ, ನಿನ್ನೆ ಅಗೆದ ಜಾಗದ ಸುತ್ತ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕುಳಿತಿದ್ದರು. ವಿಜಾಪುರದ ಆಳುಗಳು ಹಾರೆ ಕೆಳಗಿಟ್ಟು ದೂರ ನಿಂತರು.

ಶಿವಯೋಗೆಪ್ಪ ಕೂಗಾಡಿದ, ಛತ್ರಿಯಿಂದ ಕುರಿಗಳನ್ನು ತಿವಿದ. ಕೊನೆಗೆ ಪೊಲೀಸ್ ಠಾಣೆಯಿಂದ ಫೌಜದಾರರನ್ನು ಕರೆಯಲು ಆಳನ್ನು ಓಡಿಸಿದ. ಅವರು ಬರುವ ಹೊತ್ತಿಗೆ ಬೀಗರೂ ಟಾಂಗಾದಲ್ಲಿ ಬಂದಿಳಿದಿದ್ದರು, ಬಂಗಲೆಗೆ ಕಂಬಗಳನ್ನು ಆರಿಸಲು ಶಿವಯೋಗೆಪ್ಪನೇ ಕರೆದಿದ್ದ. ಗದ್ದಲ ನೋಡಿ ಅವರ ಮುಖ ಸಣ್ಣದಾಯಿತು.

ಫೌಜದಾರ ನಡುವಯಸ್ಸಿನ ಶಾಂತ ಮನುಷ್ಯ. ಕುರಿಗಳ ನಡುವೆ ದಾರಿ ಮಾಡಿಕೊಂಡು ಅಂಗಳಕ್ಕೆ ಬಂದು ಕೇಳಿದ. "ಮನಿ ಬಿಚ್ಚಿದ ಮ್ಯಾಲ ಇಲ್ಲಿದ್ದ ಹೆಣ್ಣಮಕ್ಕಳು ಎಲ್ಲಿ ಇರತಾರ?"

"ಇಬ್ರಿಗೂ ಹಿತ್ತಲದಾಗ ತಗಡಿನ ಖೋಲಿ ಮಾಡಿಸಾಕತ್ತೇನ್ರಿ."

ಕಟ್ಟೆಯ ಮೇಲಿದ್ದ ಮುರಿಗೆವ್ವ ತಲೆಯೆತ್ತಿದಳು. "ಇಬ್ರಿಗೂ ಅಂದ್ರ? ನನಗ ವಿಜಾಪುರದಾಗ ಖೋಲಿ ಅಂದಿದ್ದಿಯಲ್ಲೋ?"

"ಆಮ್ಯಾಲ ನೋಡೂಣು ಸುಮ್ನಿರವ್ವಾ. ಬಂಗಲೆದಾಗ ದೊಡ್ಡ ಮಂದಿ ಬಂದ ಹೋಗ್ತಾರ. ಅಲ್ಲಿ ನೀ ಎಲೆಅಡಿಕಿ ಉಗುಳ್ಕೋತ…" ಮಾತು ಮುಗಿಸದೆ ಅವನು ಫೌಜದಾರನ ಕಡೆ ತಿರುಗಿದ.

ಮುರಿಗೆವ್ವ ಅಡಕತ್ತರಿಯನ್ನು ಕೆಳಗಿಟ್ಟಳು. ಈ ಮಗನಿಗಾಗಿ ಅವಳು ಸತ್ತ ಮಗನ ಸಂಸಾರವನ್ನು ಕಾಲಲ್ಲಿ ಒದೆದಿದ್ದಳು.

"ಮನಿಗಿ ಮತ್ತ ಯಾರರ ಪಾಲದಾರರು?" ಫೌಜದಾರ ಕೇಳಿದ.

"ತಮ್ಮ ಇದ್ದ, ತೀರಿಕೊಂಡಾನ. ಅವನ ಹೇಣ್ತಿ ಅದಾಳ್ರಿ, ಅಕಿ ತುಟಿ ಬಿಚ್ಚೂದಿಲ್ಲ." ಶಿವಯೋಗೆಪ್ಪ ಬೀಗರ ಕಡೆ ನೋಡಿ ನಕ್ಕ. "ಮಗಳ ಲಗ್ನ ನನ್ನ ಕೈಯಾಗ ಐತಿ. ಹಗ್ಗ ನನ್ನ ಕೈಯಾಗ ಇರೂತನಕಾ ಅಕಿ ಎಲ್ಲಿ ಹೋಗ್ತಾಳ್ರಿ?"

ಬಾಗಿಲ ಮರೆಯಲ್ಲಿದ್ದ ಶಂಕ್ರೆವ್ವನಿಗೆ ಆ ಮಾತು ಕೇಳಿಸಿತು, ಅದರ ಜೊತೆ ಬೀಗರು ನಕ್ಕಿದ್ದೂ ಕೇಳಿಸಿತು. ಹಗ್ಗ ಎಂದ. ಇಂದು ಮನೆಗಾಗಿ ಜಗ್ಗಿದ, ನಾಳೆ ಹೊಲಕ್ಕಾಗಿ ಜಗ್ಗುತ್ತಾನೆ. ಆ ಹಗ್ಗ ಗೌರಾಳ ಕೊರಳಲ್ಲಿ ಜೀವಮಾನವೆಲ್ಲ ಇರುತ್ತದೆ… ನಾನು ಸುಮ್ಮನಿದ್ದಾಗಲೆಲ್ಲ ಇವರು ಒಂದೊಂದನ್ನೇ ಒಯ್ದರು. ಗಂಡನ ಔಷಧಕ್ಕೆಂದು ಕೇಳಿದಾಗ ಇಲ್ಲವೆಂದರು, ಆಗಲೂ ಸುಮ್ಮನಿದ್ದೆ. ಗಂಡನನ್ನು ನುಂಗಿದವಳೆಂದರು, ಆಗಲೂ ಸುಮ್ಮನಿದ್ದೆ.

ಅವಳು ಹೊಸ್ತಿಲು ದಾಟಿ ಬಂದಳು. ಸೆರಗು ತಲೆಯ ಮೇಲಿತ್ತು, ಕಣ್ಣಿನ ಮೇಲಿರಲಿಲ್ಲ.

"ಸಾಹೇಬ್ರ, ನಾ ಮಲಕಾಜಪ್ಪನ ಹೇಣ್ತಿ. ಅರ್ಧಾ ಮನಿ ನಂದು. ನಾ ಬಿಚ್ಚಗೊಡೂದಿಲ್ಲ."

"ಅವ್ವಾ…" ಹಿಂದಿನಿಂದ ಗೌರಾಳ ದನಿ ಕೇಳಿತು. ಶಂಕ್ರೆವ್ವ ತಿರುಗಲಿಲ್ಲ. ತಿರುಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಭಾವಾರ, ನಿಮ್ಮ ತಮ್ಮ ಈ ಪಡಸಾಲ್ಯಾಗ ರಕ್ತ ಕಾರಾಕತ್ತಾಗ ನೀವು ಬರಲಿಲ್ಲ. ಇದ ರಾಚವ್ವ ಹಾಲ ತಂದ ಕೊಟ್ಟಾಳ. ಇದ ಬುಡ್ಡೇಸಾಬ ಹೆಣಕ್ಕ ಹೆಗಲ ಕೊಟ್ಟಾನ. ಅವರನ್ನ ನೀವು ಹೊರಗಿನವರು ಅಂತೀರಿ. ನನ್ನ ಪಾಲ ನಾ ಅವರ ಸಲುವಾಗಿ ಉಳಸ್ಕೋತೇನಿ. ತೆಗೀರಿ ನಿಮ್ಮ ಬಂಡಿ."

ಬೀಗರು ಕೋಟಿನ ಮೇಲಿನ ಧೂಳು ಕೊಡವಿಕೊಂಡರು. "ಶಿವಯೋಗೆಪ್ಪನವರ, ಮಂದ್ಯಾಗ ನಿಂತ ಭಾವಗ ಎದುರ ಮಾತಾಡೋ ತಾಯಿಯ ಮಗಳು ನಮ್ಮ ಮನಿಗಿ ಆಗೂದಿಲ್ಲ. ಆ ಮಾತ ಇಲ್ಲಿಗೇ ಬಿಡ್ರಿ," ಎಂದು ಟಾಂಗಾ ಹತ್ತಿದರು.

ಶಿವಯೋಗೆಪ್ಪನ ಮುಖ ಕಪ್ಪಿಟ್ಟಿತು. ಛತ್ರಿಯೆತ್ತಿ ಶಂಕ್ರೆವ್ವನ ಮೇಲೆ ಬಂದ. ಆದರೆ ಅವರಿಬ್ಬರ ನಡುವೆ ಮುರಿಗೆವ್ವ ಬಂದು ನಿಂತಿದ್ದಳು. ಮುದುಕಿ ಕಟ್ಟೆಯಿಂದ ಯಾವಾಗ ಇಳಿದಳೋ ಯಾರೂ ನೋಡಿರಲಿಲ್ಲ.

"ಹೊಡಿ," ಎಂದಳು. "ಮೊದಲ ನನ್ನ ಹೊಡಿ. ತಗಡಿನ ಖೋಲ್ಯಾಗ ಹಾಕೂದಕ್ಕಿಂತ ಅದ ಚೊಲೋ." ಆಮೇಲೆ ಫೌಜದಾರನಿಗೆ ಹೇಳಿದಳು. "ಸಾಹೇಬಾ, ಇಕಿ ಹೇಳಿದ್ದು ಖರೆ. ಇಕಿ ನನ್ನ ಸಣ್ಣ ಮಗನ ಹೇಣ್ತಿ. ಅರ್ಧಾ ಇಕೀದು."

"ಹಂಗಾದ್ರ ಕೋರ್ಟಿನ್ಯಾಗ ತೀರ್ಪ ಆಗೂತನಕಾ ಯಾರೂ ಒಂದ ಕಲ್ಲ ಮುಟ್ಟಂಗಿಲ್ಲ," ಎಂದ ಫೌಜದಾರ. ಬಂಡಿಗಳು ಖಾಲಿಯಾಗಿಯೇ ವಿಜಾಪುರದ ದಾರಿ ಹಿಡಿದವು. ಮಾಳಿಗೆಯ ಮೇಲಿನ ಹೆಂಗಸರು ಅಳುತ್ತ ನಗುತ್ತ ಇಳಿದು ಬಂದರು. ಶಂಕ್ರೆವ್ವ ಒಳಗೆ ಹೋದಾಗ ಗೌರಾ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

ಶಂಕ್ರೆವ್ವ ಹಾಕಿದ ಅರ್ಜಿಗೆ ಕೋರ್ಟಿನಿಂದ ತಡೆ ಬಂತು. ಶಿವಯೋಗೆಪ್ಪ ಬೇರೆಲ್ಲಿಂದಲೋ ಕಟ್ಟಿಗೆ ತಂದು ಬಂಗಲೆ ಮುಗಿಸಿದ. ಮತ್ತೆ ಟಿಕೋಟೆಗೆ ಕಾಲಿಡಲಿಲ್ಲ. ಕಿತ್ತ ಮಾಳಿಗೆಗೆ ಊರವರು ಮನೆ ಮನೆಯಿಂದ ಮಣ್ಣು ಹೊತ್ತು ತಂದರು, ಬುಡ್ಡೇಸಾಬ ನಿಂತು ಹಾಕಿಸಿದ. ಮುರಿಗೆವ್ವ ಸೊಸೆಗೆ ಬೈಯುವುದನ್ನು ಬಿಡಲಿಲ್ಲ, ಆದರೆ ಮಗನನ್ನು ನುಂಗಿದವಳೆಂಬ ಮಾತನ್ನು ಮತ್ತೆ ಆಡಲಿಲ್ಲ.

ಗೌರಾ ಮಾತ್ರ ಬಾಯಿ ಬಿಡಲಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ವಿಜಾಪುರದ ಹುಡುಗನಿಗೆ ಬೇರೆ ಕಡೆ ಮದುವೆಯಾದ ಸುದ್ದಿ ಬಂದ ದಿನ ಉಣ್ಣಲಿಲ್ಲ, ಅಷ್ಟೆ. ಘೋಣಸಗಿಯ ಒಕ್ಕಲುತನದ ಮನೆಯಿಂದ ಸಂಬಂಧ ಬಂದಾಗ ತಲೆಯಾಡಿಸಿದಳು. ವಾಡೆಯ ಅಂಗಳದಲ್ಲಿ ಊರೇ ನಿಂತು ಮದುವೆ ಮಾಡಿತು. ಬಂಡಿ ಹತ್ತುವ ಮುಂಚೆ ಅಜ್ಜಿಯ ಕಾಲಿಗೂ ರಾಚವ್ವನ ಕಾಲಿಗೂ ಬಿದ್ದ ಹುಡುಗಿ ತಾಯಿಯ ಮುಂದೆ ಬಂದು ಬಾಗದೆ ನಿಂತಳು.

"ನಿನ್ನ ಮನಿ ಉಳೀತಲ್ಲ ಅವ್ವಾ. ಅದನ್ನ ನೋಡ್ಕೋತ ಇರು," ಎಂದಳು.

ಆ ವರ್ಷ ಪಂಚಮಿಗೆ ಕರೆಯಲು ಕಳಿಸಿದ ಬಂಡಿ ಘೋಣಸಗಿಯಿಂದ ಖಾಲಿ ಬಂತು. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಅಂಗಳದಲ್ಲಿ ಜೋಕಾಲಿ ಆಡುವುದನ್ನು ಶಂಕ್ರೆವ್ವ ಕಟ್ಟೆಯ ಮೇಲೆ ಕುಳಿತು ನೋಡಿದಳು. ಮರುವರ್ಷ ಅವಳು ಬಂಡಿ ಕಳಿಸಲಿಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗೌರಾ ತಾನಾಗಿಯೇ ಬಂದಳು, ತುಂಬಿದ ಬಸಿರು ಹೊತ್ತು.

ತಾಯಿ ಕಾಲಿಗೆ ನೀರು ಕೊಟ್ಟಳು. ತಾಟು ಹಾಕಿದಳು. ಗೌರಾ ಕೂಡಲಿಲ್ಲ.

"ಬಾಣಂತನಕ್ಕ ತವರಿಗೆ ಹೋಗಬೇಕು ಅಂದ್ರು, ಬಂದೆ. ಸಿಟ್ಟ ಹೋಗಿಲ್ಲ ಅವ್ವಾ."

"ಹೋಗ್ಲಿ ಅಂತ ನಾ ಕೇಳೂದಿಲ್ಲ. ಅವತ್ತ ಮನಿ ಸಲುವಾಗಿ ನಾ ಕೊಟ್ಟಿದ್ದು ನಂದಲ್ಲ, ನಿಂದು. ನಿನ್ನ ಕೇಳಲಾರದ ಕೊಟ್ಟೆ. ನಾಳಿ ಮತ್ತ ಅಂಥಾ ದಿನ ಬಂದ್ರೂ ಹಂಗ ಮಾಡ್ತೇನಿ." ಶಂಕ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಿಟ್ಟ ಇರಬೇಕಾದ್ದ. ಇರ್ಲಿ. ಅದನ್ನ ಇಟ್ಕೊಂಡ ಉಣ್ಣು ಬಾ. ಬಿಸಿಲಾಗ ಬಂದೀದಿ."

ಗೌರಾ ಸೊಂಟ ಹಿಡಿದುಕೊಂಡು ಮೆಲ್ಲಗೆ ಕುಳಿತಳು. ತಲೆಯೆತ್ತದೆ ಉಂಡಳು. ತಾಯಿ ಎದುರಿಗೆ ಕುಳಿತು ನೋಡುತ್ತಿದ್ದಳು. ತಾಟು ಬರಿದಾದಾಗ ಗೌರಾ ಅದನ್ನು ತಾಯಿಯ ಕಡೆಗೆ ಸರಿಸಿದಳು.

"ಇನ್ನೊಂದೀಟ ಹಾಕು," ಎಂದಳು.