ಫ್ಲೈವೀಲ್‌ನ ಹಲ್ಲುಗಳು

ಇದು ಒಹಾಯೊದಲ್ಲಿ ನಾನು ಕಣ್ಣಾರೆ ಕಂಡದ್ದು. ನನ್ನ ಭಾವ ವರ್ಲಿನ್, ಒಬ್ಬ ವಿಧವೆಗೆ ಗಂಡ ಸತ್ತ ವಾರವೇ ಕಣ್ಣೀರು ಹಾಕಿಸಿ, ಆ ಗಂಡನ ಅರವತ್ತರ ದಶಕದ ಗೂಳಿಯಂಥ ಕಾರನ್ನು ಅಗ್ಗಕ್ಕೆ ಕೊಂಡಿದ್ದ. ಕೀಲಿ ತಿರುವಿದರೆ ಸ್ಟಾರ್ಟರ್ ಕರಕರ ಅನ್ನುತ್ತಿತ್ತು, ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿರಲಿಲ್ಲ.

ಎಂಜಿನ್ ತಾನಾಗಿ ತಿರುಗದಿರಲೆಂದು ಬ್ಯಾಟರಿ ತೆಗೆದಿಟ್ಟು ಸ್ಟಾರ್ಟರ್ ಕಳಚಿದೆವು. ವರ್ಲಿನ್ ಕಾರಿನಡಿ ಮಲಗಿ, ಅದು ಇದ್ದ ಕಿಂಡಿಯೊಳಗೆ ಬೆರಳಿಟ್ಟು, ಎಂಜಿನ್ ಜತೆ ತಿರುಗುವ ದೊಡ್ಡ ಚಕ್ರವಾದ ಫ್ಲೈವೀಲ್‌ನ ಸವೆದ ಹಲ್ಲುಗಳನ್ನು ತಡವತೊಡಗಿದ. ಅವನು ಹೇಳಿದಾಗ ನಾನು ಮುಂದಿನಿಂದ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗಿಸಬೇಕಿತ್ತು.

"ಒಳಗೆ ಬೆಚ್ಚಗಿದೆ ಕಣೋ. ಆಯಮ್ಮನ ಗಂಡ ಇಲ್ಲೇ ಮಲಗಿದಾನೇನೋ!" ಎಂದು ನಕ್ಕ.

ಫ್ಲೈವೀಲ್ ಮೆಲ್ಲಗೆ ಒಂದು ಹಲ್ಲಿನಷ್ಟು ಸರಿಯಿತು.

"ಅಯ್ಯೋ, ಬೆರಳು! ನಿಲ್ಸೋ ಪಾಪಿ!"

"ನಾನಿನ್ನೂ ಸ್ಪ್ಯಾನರ್ ಹಾಕೇ ಇಲ್ಲ ಭಾವಾ!"

ಅದು ಇನ್ನೊಂದು ಹಲ್ಲು ಸರಿಯಿತು.

ತುಂಡಾದ ಬೆರಳು ತಂದರೆ ಹೊಲಿಯಬಹುದು ಎಂದರು ಆಸ್ಪತ್ರೆಯ ಡಾಕ್ಟರು. ನಾನು ವಾಪಸು ಬಂದು ಗೇರ್‌ಬಾಕ್ಸ್ ಇಳಿಸಿ ಹುಡುಕಿದೆ. ವರ್ಲಿನ್ ಕಳೆದುಕೊಂಡದ್ದು ಮೂರು ಬೆರಳು. ಒಳಗೆ ಸಿಕ್ಕಿದ್ದು ನಾಲ್ಕು. ನಾಲ್ಕರಿಂದಲೂ ರಕ್ತ ಒಸರುತ್ತಿತ್ತು.