ಕೇದಗೆ ಮುಳ್ಳಿನ ಕಿಟಕಿ

ಕಲ್ಸೋಮಳ ಮೈಯಿಂದ ಸದಾ ವಿನೆಗರ್ ವಾಸನೆ ಬರುತ್ತಿತ್ತು. ಹಗಲೆಲ್ಲ ಉಪ್ಪಿನಕಾಯಿ ಹಾಕಿ ಮಾರುವವಳ ಮೈ ಮಲ್ಲಿಗೆಯಂತೆ ಘಮಘಮಿಸುತ್ತದೆಯೇ? ದೆರಾಮನ್ ಆ ಹುಳಿ ವಾಸನೆಗೂ ಸೋತಿದ್ದ. ಅವಳು ಜಾಡಿ ಮುಚ್ಚುತ್ತಾ ಕಣ್ಣಂಚಿನಲ್ಲಿ ನೋಡಿದರೆ ಸಾಕು, ಕೊಳ್ಳಲು ಬಂದದ್ದೇ ಅವನಿಗೆ ಮರೆತುಹೋಗುತ್ತಿತ್ತು.

"ಮತ್ತೆ ಉಪ್ಪಿನಕಾಯಾ? ನಿಂದೇನು ಹೊಟ್ಟೆನೋ, ಜಾಡಿನೋ?"

"ಮದುವೆ ಆಗಿ ನೀನೇ ನೋಡ್ಕೊ."

ಮದುವೆ ಅಂದೊಡನೆ ಅವಳ ಮುಖ ಬಾಡುತ್ತಿತ್ತು. ಯಾಕೋ ಅವನಿಗೆ ತಿಳಿಯದು.

ಅವನ ಅಕ್ಕ ಸಫಿಯಾ ಹೆತ್ತ ದಿನ ದೆರಾಮನ್ ಕೇದಗೆ ಎಲೆ ಕಡಿದು ತಂದ. ಮಲಯದ ಕೆಲಂತಾನ್ ಸೀಮೆಯಲ್ಲಿ ಬಾಣಂತಿಯ ಕಿಟಕಿಗೆ ಆ ಮುಳ್ಳೆಲೆ ಕಟ್ಟಲೇಬೇಕು, ಇಲ್ಲದಿದ್ದರೆ ಪೆನಂಗಲಾನ್ ಬರುತ್ತಾಳೆ. ಮೈಯನ್ನು ಮನೆಯಲ್ಲೇ ಬಿಟ್ಟು, ಬರೀ ತಲೆಯಾಗಿ, ಕರುಳು ಜೋಲಾಡಿಸಿಕೊಂಡು ಹಾರಿಬಂದು ಬಾಣಂತಿಯ ರಕ್ತ ನೆಕ್ಕುವವಳು, ಥೂ! ಅಕ್ಕನ ಕಿಟಕಿಗೆ ಕಟ್ಟಿದ ಮೇಲೂ ಎಲೆ ಉಳಿಯಿತು. ಕಲ್ಸೋಮ್ ಒಬ್ಬಳೇ ಇರುತ್ತಾಳಲ್ಲ, ಹೆದರಬಾರದು ಎಂದು ಕತ್ತಲಾದ ಮೇಲೆ ಅವಳ ತೆರೆದ ಕಿಟಕಿಗೂ ಹೊರಗಿನಿಂದ ಕಟ್ಟಿಬಂದ. ಒಳಗೆ ದೀಪವಿರಲಿಲ್ಲ, ಮಲಗಿರಬೇಕು ಅಂದುಕೊಂಡ.

ಕೋಳಿ ಕೂಗುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಎಲೆ ನೋಡಿ ಅವಳು ನಗುವ ಮುಖ ಕಾಣಬೇಕೆಂದು ಓಡಿದ.

ಮುಖವೇನೋ ಕಂಡಿತು, ಕಿಟಕಿಯಲ್ಲೇ. ಅದರ ಕೆಳಗೆ ಮೈ ಇರಲಿಲ್ಲ. ಊದಿದ ಕರುಳು ಮುಳ್ಳಿಗೆ ಸಿಕ್ಕಿ ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ನೊಣಗಳು ಮುತ್ತಿದ್ದವು.

ದೆರಾಮನ್ ಅಲ್ಲೇ ಬಗ್ಗಿ ವಾಂತಿ ಮಾಡಿದ.

"ಆಯ್ತಾ?" ಅಂದಳು ಕಲ್ಸೋಮ್. "ಈ ಮುಳ್ಳು ಕಟ್ಟಿದ ಪುಣ್ಯಾತ್ಮ ಯಾರು?"

"ನಾನೇ."

"ಅಂದ್ಕೊಂಡೆ. ನನ್ ಮೇಲೆ ಇಷ್ಟು ಪ್ರೀತಿ ಇನ್ಯಾರಿಗಿದೆ!" ನಗಲು ಹೋದವಳ ಮುಖ ನೋವಿಗೆ ಕಿವುಚಿಕೊಂಡಿತು. "ಬಿಡಿಸು ಮಾನ್. ಬಿಸಿಲು ಬೀಳೋದ್ರೊಳಗೆ ಮೈ ಸೇರ್ದಿದ್ರೆ ಸತ್ತೋಗ್ತೀನಿ."

ಅವನ ಕೈ ಮುಂದೆ ಹೋಗಲಿಲ್ಲ. "ಅಕ್ಕನ ಮನೆಗೆ ಹೋಗಿದ್ಯಾ?"

ಅವಳು ಸುಳ್ಳು ಹೇಳಬಹುದಿತ್ತು. "ಹೋಗಿದ್ದೆ. ಮುಳ್ಳು ನೋಡಿ ವಾಪಸ್ ಬಂದೆ. ನನ್ ಕಿಟಕೀಲೂ ಇರುತ್ತೆ ಅಂತ ಯಾರಿಗ್ ಗೊತ್ತಿತ್ತು?"

"ಮುಳ್ಳು ಇಲ್ದಿದ್ರೆ?"

"ಹಸಿವಾದಾಗ ನಾನು ನಾನಾಗಿರಲ್ಲ. ಅಮ್ಮನಿಂದ ಬಂದಿದ್ದು ಇದು. ಬೆಳಗ್ಗೆ ಬಾಯಿ ತೊಳ್ಕೊಳ್ಳೋವಾಗ ನನ್ನ ಕಂಡ್ರೆ ನಂಗೇ ಅಸಹ್ಯ. ಅದಕ್ಕೇ ನಿನ್ನ ಮದುವೆ ಮಾತಿಗೆ ಉತ್ತರ ಕೊಡ್ಲಿಲ್ಲ."

ಹೇಸಿಗೆಯ ಜೊತೆಗೆ ಅವನಿಗೆ ಸಿಟ್ಟೂ ಬಂತು. ಅಕ್ಕನ ಹಸುಗೂಸು ಕಣ್ಣಮುಂದೆ ಬಂತು. ಸುಮ್ಮನೆ ಹೊರಟುಹೋದರೆ ಸಾಕಿತ್ತು, ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತಿತ್ತು. ಹೊರಟೂ ಬಿಟ್ಟ. ಹಿಂದಿನಿಂದ ಅವಳು ಕೂಗಲಿಲ್ಲ, ಬೇಡಿಕೊಳ್ಳಲಿಲ್ಲ. ತಿರುಗಿ ನೋಡಿದರೆ, ಜಾಡಿ ಮುಚ್ಚುವಾಗ ನೋಡುತ್ತಿದ್ದ ಅದೇ ಕಣ್ಣು. ಹಾಳಾದ ಕಣ್ಣು!

ತಲೆವಸ್ತ್ರ ಬಿಚ್ಚಿ ಮೂಗಿಗೆ ಬಿಗಿದುಕೊಂಡು ದೆರಾಮನ್ ಮುಳ್ಳು ಬಿಡಿಸತೊಡಗಿದ. ಕರುಳು ಬಿಸಿಯಾಗಿತ್ತು, ಲೋಳೆಲೋಳೆಯಾಗಿ ಬೆರಳಿಗೆ ಅಂಟುತ್ತಿತ್ತು.

"ಮೆಲ್ಲಗೆ! ಹರಿದ ಮೀನುಬಲೆ ಅಂದ್ಕೊಂಡ್ಯಾ?"

"ಬಾಯಿ ಮುಚ್ಕೊಂಡಿರು ಮಾರಾಯ್ತಿ, ಮತ್ತೆ ವಾಂತಿ ಬರುತ್ತೆ."

ಅವಳನ್ನು ಎತ್ತಿಕೊಂಡು ಒಳಗೆ ಹೋದ. ಮೂಲೆಯ ದೊಡ್ಡ ಜಾಡಿಯನ್ನು ಕಣ್ಣಲ್ಲೇ ತೋರಿಸಿದಳು. ಊದಿದ ಕರುಳು ಕುಗ್ಗದೆ ಮೈಯೊಳಗೆ ಇಳಿಯದು, ವಿನೆಗರಿನಲ್ಲಿ ನೆನೆಸಬೇಕು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಇಷ್ಟು ದಿನ ತಾನು ಸೋತದ್ದು ಇದಕ್ಕೆ! ಛೀ, ಛೀ!

ತಲೆ ಮೈ ಸೇರಿದ ಮರುಗಳಿಗೆಯೇ ನೆಲದ ಮೇಲೆ ಬಿಸಿಲು ಬಿತ್ತು. ಕಲ್ಸೋಮ್ ಕುತ್ತಿಗೆ ಸವರಿಕೊಂಡು ಗೋಡೆಗೆ ಒರಗಿದಳು. "ಹೋಗು ಮಾನ್. ಊರಿಗೆ ಹೇಳ್ಬೇಕು ಅನ್ಸಿದ್ರೆ ಹೇಳು. ನಿಂದೇನೂ ತಪ್ಪಿಲ್ಲ."

ಅವನು ಎದ್ದು ಬಾವಿಗೆ ಹೋದ. ಕೈ ಉಜ್ಜಿದ, ಮತ್ತೆ ಉಜ್ಜಿದ. ವಾಪಸ್ ಬಂದಾಗ ಅವನ ಕೈಯಲ್ಲಿ ಆ ಕೇದಗೆ ಎಲೆಗಳಿದ್ದವು.

"ತಪ್ಪು ನಂದೇ. ಇದನ್ನ ಒಳಗಿನಿಂದ ಕಟ್ಬೇಕಿತ್ತು."

"ಹಸಿದಾಗ ನಾನೇ ಕಿತ್ತು ಬಿಸಾಕ್ತೀನಿ."

"ಕಿತ್ತು ಬಿಸಾಕೋ ಕೈನ ಹಿಡ್ಕೊಂಡು ಪಕ್ಕದಲ್ಲೇ ಒಬ್ಬ ಕೂತಿದ್ರೆ? ದಿನಾ ರಾತ್ರಿ?"

"ನನ್ನ ಮುಟ್ಟೋಕೆ ಅಸಹ್ಯ ಆಗಲ್ವಾ?"

"ಆಗುತ್ತೆ," ಅಂದ ದೆರಾಮನ್. "ತುಂಬಾನೇ ಆಗುತ್ತೆ."

ಹಾಗೆನ್ನುತ್ತಲೇ ಅವಳ ಕೈ ಹಿಡಿದುಕೊಂಡ. ಎಷ್ಟು ಉಜ್ಜಿದ್ದರೂ ಅವನ ಬೆರಳಿಂದ ವಿನೆಗರ್ ವಾಸನೆ ಹೋಗಿರಲಿಲ್ಲ.